ಮುತ್ತಜ್ಜ ಬಿಟ್ಟು ಬಂದ ಊರು

ಬಾಗಲಕೋಟೆಯ ನವನಗರದ ಮನೆಗಳಲ್ಲಿ ಈ ಪ್ರಸಂಗ ಹೊಸದೇನೂ ಅಲ್ಲ. ಶಾಲೆಯಿಂದ ಬಂದ ಮಗು ಪಾಟೀಚೀಲ ಇಳಿಸುತ್ತಲೇ, ‘ನಾಳೆ ನಮ್ಮ ಮನಿತನದ ವಂಶವೃಕ್ಷ ಬರಕೊಂಡು ಬರ್‍ರಿ ಅಂದಾರ’ ಎನ್ನುತ್ತದೆ. ಅಪ್ಪ ತನ್ನ ಹೆಸರು ಹೇಳುತ್ತಾನೆ, ತನ್ನ ಅಪ್ಪನ ಹೆಸರು ಹೇಳುತ್ತಾನೆ, ಅಜ್ಜನ ಹೆಸರನ್ನು ಸ್ವಲ್ಪ ತಡೆದು ಹೇಳುತ್ತಾನೆ. ಅಲ್ಲಿಗೆ ಬರವಣಿಗೆ ನಿಲ್ಲುತ್ತದೆ. ಮುತ್ತಜ್ಜನ ಹೆಸರಿನ ಜಾಗ ಖಾಲಿ ಉಳಿಯುತ್ತದೆ.

‘ಅಜ್ಜಾ, ನಾವು ಮೊದಲ ಯಾವ ಊರಾವ್ರು?’ ಎಂದು ಮಗು ಪಡಸಾಲೆಯಲ್ಲಿ ಕುಳಿತ ಹಿರಿಯರನ್ನು ಕೇಳುತ್ತದೆ.

‘ಅದನ್ನ ಹೆಳವಾ ಬಂದಾಗ ಕೇಳಬೇಕಪಾ. ಅವ ಹೇಳತಿದ್ದ. ಈಗ ಎಷ್ಟೋ ವರ್ಷಾತು, ಬಂದೇ ಇಲ್ಲ.’

ಹೆಳವ ಏಕೆ ಬಂದಿಲ್ಲ ಎಂಬುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅವನಿಗೆ ಗೊತ್ತಿದ್ದ ಊರು ಇಂದು ನೀರಿನಲ್ಲಿದೆ. ಅವನು ತಿಳಿದಿದ್ದ ಓಣಿ, ಅವನು ಎತ್ತು ಕಟ್ಟುತ್ತಿದ್ದ ಅಗಸಿ, ಕಟ್ಟೆಯ ಬೇವಿನ ಮರ ಯಾವುದೂ ಈಗ ಇಲ್ಲ. ಹೊಸ ವಿಳಾಸವೋ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಮನೆತನದ ಹೆಸರು ಕೇಳುತ್ತ ಬರುವವನಿಗೆ ನಂಬರಿನಿಂದ ಏನು ತಿಳಿದೀತು?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ — ಈ ನಾಲ್ಕು ಊರುಗಳನ್ನು ಪ್ರವಾಸಿಗರು ಗುಹೆ, ಗುಡಿ, ಸೀರೆಗಳಿಗಾಗಿ ನೋಡಲು ಬರುತ್ತಾರೆ. ಅದೇ ದಾರಿಯಲ್ಲಿ ಇನ್ನೊಂದು ಪ್ರವಾಸವನ್ನೂ ಮಾಡಬಹುದು. ಅದು ತಮ್ಮ ಹಿರಿಯರು ಎಲ್ಲಿಂದ ಎದ್ದು ಬಂದರು ಎಂದು ಹುಡುಕುವ ಪ್ರವಾಸ. ಇದಕ್ಕೆ ಬೇಕಾದ ಗುರುತುಗಳು ಈ ಸೀಮೆಯಲ್ಲಿ ಇನ್ನೂ ಉಳಿದಿವೆ. ಆದರೆ ಅವು ಹೆಚ್ಚು ದಿನ ಕಾಯುವಂತೆ ಕಾಣುವುದಿಲ್ಲ.

ಅಡ್ಡಹೆಸರೆಂಬ ವಿಳಾಸ

ಮೊದಲ ಗುರುತು ಪ್ರತಿಯೊಬ್ಬರ ಹೆಸರಿನ ಕೊನೆಯಲ್ಲೇ ಇದೆ. ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ ಹಲವು ಬಗೆ. ಗೌಡರ, ಪಾಟೀಲ, ಕುಲಕರ್ಣಿ, ದೇಸಾಯಿ ಎಂಬವು ಹಿಂದಿನವರು ಹೊತ್ತ ಅಧಿಕಾರದಿಂದ ಬಂದವು. ಬಡಿಗೇರ, ಕಂಬಾರ, ಪತ್ತಾರ, ಹೂಗಾರ ಎಂಬವು ಕಸುಬಿನಿಂದ ಬಂದವು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬಂಥವು ವ್ಯಾಪಾರದಿಂದಲೋ ಯಾವುದೋ ಕಾಲದ ಚೇಷ್ಟೆಯಿಂದಲೋ ಅಂಟಿಕೊಂಡವು. ಇನ್ನು ಬಾದಾಮಿ, ಹುನಗುಂದ, ಇಳಕಲ್ಲ, ಬಾಗಲಕೋಟಿ, ಕೆರೂರ, ಕಲಾದಗಿ ಎಂದು ಊರಿನ ಹೆಸರನ್ನೇ ಹೊತ್ತ ಮನೆತನಗಳು ಬೆಳಗಾವಿ, ಹುಬ್ಬಳ್ಳಿಯಿಂದ ಮುಂಬಯಿವರೆಗೆ ಸಿಗುತ್ತವೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಬಾದಾಮಿಯಲ್ಲಿ ಇರುವವನನ್ನು ಬಾದಾಮಿಯ ಜನ ‘ಬಾದಾಮಿ’ ಎಂದು ಕರೆಯುವುದಿಲ್ಲ; ಅಲ್ಲಿ ಎಲ್ಲರೂ ಬಾದಾಮಿಯವರೇ. ಅವನು ಊರು ಬಿಟ್ಟು ಬೇರೆ ಕಡೆ ಹೋಗಿ ನೆಲೆಸಿದಾಗ ಅಲ್ಲಿಯವರು ‘ಬಾದಾಮಿಯಿಂದ ಬಂದವನು’ ಎಂದು ಗುರುತಿಸಿದರು. ಗುರುತು ಹೆಸರಾಯಿತು, ಹೆಸರು ಮಕ್ಕಳಿಗೂ ಬಂತು. ಹೀಗಾಗಿ ಊರಿನ ಅಡ್ಡಹೆಸರು ಇರುವ ಮನೆತನದವರು ತಾವಿರುವ ಊರನ್ನಲ್ಲ, ತಮ್ಮ ಹಿರಿಯರು ಬಿಟ್ಟ ಊರನ್ನು ಹೇಳುತ್ತಾರೆ. ಹುಬ್ಬಳ್ಳಿಯ ಒಬ್ಬ ಹುನಗುಂದ ಎಂಬ ವಿದ್ಯಾರ್ಥಿ ದಿನವೂ ಹಾಜರಿ ಕೂಗಿಸಿಕೊಳ್ಳುವಾಗ ತನಗೆ ಗೊತ್ತಿಲ್ಲದೆಯೇ ಮೂಲದ ವಿಳಾಸವನ್ನು ಕೇಳಿಸಿಕೊಳ್ಳುತ್ತಿರುತ್ತಾನೆ.

ಕೆಲವೊಮ್ಮೆ ದೊಡ್ಡ ಊರಿನ ಹೆಸರು ಸುತ್ತಲಿನ ಸಣ್ಣ ಹಳ್ಳಿಯವರಿಗೂ ಅಂಟಿರುತ್ತದೆ ಎಂಬುದನ್ನು ಮರೆಯಬಾರದು. ದೂರದವರಿಗೆ ಹಳ್ಳಿ ಗೊತ್ತಿರುವುದಿಲ್ಲ, ತಾಲೂಕು ಗೊತ್ತಿರುತ್ತದೆ. ಆದ್ದರಿಂದ ಅಡ್ಡಹೆಸರು ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಹೋಗಲು ಬೇರೆ ಗುರುತು ಬೇಕು.

ಎತ್ತಿನ ಮೇಲೆ ಬರುವ ವಂಶಾವಳಿ

ಆ ಬೇರೆ ಗುರುತು ಕೊಡುತ್ತಿದ್ದವನೇ ಹೆಳವ. ಸುಗ್ಗಿ ಮುಗಿದು ಕಣದಲ್ಲಿ ಕಾಳು ರಾಶಿಯಾದ ಮೇಲೆ, ಎತ್ತಿನ ಮೇಲೆ ಕುಳಿತು, ಗಂಟೆಯ ಸಪ್ಪಳ ಮಾಡುತ್ತ ಊರೊಳಗೆ ಬರುವ ಹೆಳವನನ್ನು ನೋಡಿದವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹೆಳವ ಎಂದರೆ ಕಾಲಿಲ್ಲದವನು ಎಂದರ್ಥ. ಕಾಲನ್ನು ಹೊದಿಕೆಯಿಂದ ಮುಚ್ಚಿಕೊಂಡು, ಎತ್ತಿನಿಂದ ಇಳಿಯದೆ ಮನೆಯ ಮುಂದೆ ನಿಂತು ಹಿರಿಯರ ಹೆಸರು ಹೇಳುವುದು ಅವರ ಹಳೆಯ ಪದ್ಧತಿ.

ಮನೆಯ ಯಜಮಾನ ಹೊರಗೆ ಬಂದು ನಿಂತರೆ ಹೆಳವನ ಬಾಯಲ್ಲಿ ಹೆಸರುಗಳು ಸಾಲಾಗಿ ಬರುತ್ತವೆ. ಮೂಲಪುರುಷ ಯಾರು, ಅವನು ಯಾವ ಊರಿಂದ ಎದ್ದ, ಬರಕ್ಕೆ ಎದ್ದನೋ ಜಗಳಕ್ಕೆ ಎದ್ದನೋ, ದಾರಿಯಲ್ಲಿ ಯಾವ ಊರಲ್ಲಿ ಎಷ್ಟು ತಲೆಮಾರು ನಿಂತ, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು, ಮನೆದೇವರು ಯಾರು, ಬೆಡಗು ಯಾವುದು — ಇವೆಲ್ಲ ಅದರಲ್ಲಿ ಬರುತ್ತವೆ. ಕೊನೆಗೆ ಯಜಮಾನನ ಹೆಸರಿಗೆ ಬಂದು ನಿಲ್ಲಿಸಿ, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಗಂಡುಮಕ್ಕಳ ಹೆಸರು ಕೇಳಿ ಸೇರಿಸಿಕೊಳ್ಳುತ್ತಾನೆ. ಜೋಳವನ್ನೋ ಬಟ್ಟೆಯನ್ನೋ ಹಣವನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಾನೆ. ಉಳ್ಳವರು ಕರು ಕೊಟ್ಟದ್ದೂ ಉಂಟು.

ಇದು ಬರಿಯ ಭಿಕ್ಷಾಟನೆಯಲ್ಲ. ಯಾವ ಹೆಳವ ಮನೆತನ ಯಾವ ಊರುಗಳಿಗೆ, ಯಾವ ಒಕ್ಕಲುಗಳಿಗೆ ಹೋಗಬೇಕು ಎಂಬುದು ಅವರವರಲ್ಲಿ ಹಂಚಿಕೆಯಾಗಿರುತ್ತದೆ. ಆ ಹಕ್ಕು ಅಪ್ಪನಿಂದ ಮಗನಿಗೆ ಬರುತ್ತದೆ. ಹೆಸರುಗಳ ಪಾಠವನ್ನೂ ಮಗ ಅಪ್ಪನ ಹಿಂದೆ ತಿರುಗಿಯೇ ಕಲಿಯಬೇಕು. ಬಹಳಷ್ಟು ಬಾಯಿಪಾಠವೇ. ಕೆಲವರ ಬಳಿ ಹಳೆಯ ಹೊತ್ತಿಗೆಗಳೂ ಉಂಟು. ಹರಿದ್ವಾರದಲ್ಲಿ ಯಾತ್ರಿಕರ ಮನೆತನದ ಹೆಸರುಗಳನ್ನು ಪಂಡಾಗಳು ಉದ್ದನೆಯ ಪುಸ್ತಕಗಳಲ್ಲಿ ಬರೆದಿಟ್ಟಿರುವುದು ಹೆಸರುವಾಸಿ. ಅಲ್ಲಿ ಜನ ಪುಸ್ತಕವಿದ್ದಲ್ಲಿಗೆ ಹೋಗಬೇಕು. ಇಲ್ಲಿ ಪುಸ್ತಕವೇ ಎತ್ತಿನ ಮೇಲೆ ಕುಳಿತು ಜನರಿದ್ದಲ್ಲಿಗೆ ಬರುತ್ತಿತ್ತು.

ಈಗ ಎತ್ತಿನ ಜಾಗದಲ್ಲಿ ಮೋಟಾರ್ ಸೈಕಲ್ಲು ಬಂದಿದೆ. ಹೆಳವರ ಮಕ್ಕಳು ಶಾಲೆ, ಕಾಲೇಜು ಕಲಿತು ಬೇರೆ ಕೆಲಸ ಹಿಡಿದಿದ್ದಾರೆ. ಅದು ನ್ಯಾಯವೇ. ವರ್ಷವಿಡೀ ಊರೂರು ಅಲೆಯುವ ಬದುಕು ಮಕ್ಕಳಿಗೆ ಬೇಡವೆಂದರೆ ಅವರನ್ನು ದೂರುವಂತಿಲ್ಲ. ಆದರೆ ಒಬ್ಬ ಹಿರಿಯ ಹೆಳವ ತೀರಿಕೊಂಡು ಅವನ ಮಗ ಆ ಪಾಠ ಕಲಿಯದಿದ್ದರೆ, ಎಷ್ಟೋ ಮನೆತನಗಳ ವಿಳಾಸ ಒಂದೇ ದಿನ ಅಳಿಸಿಹೋಗುತ್ತದೆ.

ಐರ್ಲೆಂಡಿನಲ್ಲಿ ಆದದ್ದು

ಹಾಗೆ ಅಳಿಸಿಹೋದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೂರದ ಐರ್ಲೆಂಡಿನ ಕಡೆ ನೋಡಬೇಕು. 1845ರಿಂದ ಆ ದೇಶದಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಭೀಕರ ಕ್ಷಾಮವಾಯಿತು. ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿ ಅಮೆರಿಕ, ಕೆನಡ, ಇಂಗ್ಲೆಂಡುಗಳಿಗೆ ಹೋದರು. ಇಂದು ಅವರ ಮರಿಮಕ್ಕಳು ಮೊದಲು ಹಡಗು ಹತ್ತಿದ ಹಿರಿಯನ ಊರು ಯಾವುದೆಂದು ಹುಡುಕುತ್ತ ಐರ್ಲೆಂಡಿಗೆ ಬರುತ್ತಾರೆ.

ಅವರಿಗೆ ಎರಡು ತೊಡಕುಗಳು. ಒಂದು, ಐರಿಶ್ ಅಡ್ಡಹೆಸರು ಕುಲವನ್ನು ಹೇಳುತ್ತದೆಯೇ ಹೊರತು ಊರನ್ನು ಹೇಳುವುದಿಲ್ಲ. ಕೆನಡಿ ಎಂಬ ಹೆಸರಿನವರು ಸಾವಿರಾರು. ಯಾವ ಹಳ್ಳಿಯ ಕೆನಡಿ ಎಂದು ಬೇರೆಯೇ ತಿಳಿಯಬೇಕು. ಎರಡು, 1922ರ ಜೂನ್ 30ರಂದು, ಅಂತರ್ಯುದ್ಧದ ಕಾಲದಲ್ಲಿ, ಡಬ್ಲಿನ್ನಿನ ಸರ್ಕಾರಿ ದಾಖಲೆಗಳ ಭಂಡಾರ ಸ್ಫೋಟದಲ್ಲಿ ಸಿಕ್ಕಿ ಸುಟ್ಟುಹೋಯಿತು. ನೂರಾರು ವರ್ಷಗಳ ಕಾಗದಪತ್ರಗಳು ಬೂದಿಯಾದವು. ಪೂರ್ಣವಾಗಿ ಉಳಿದ ಹಳೆಯ ಜನಗಣತಿ ಎಂದರೆ 1901 ಮತ್ತು 1911ರವು ಮಾತ್ರ.

ಆದರೂ ದಾರಿಗಳು ಮುಚ್ಚಿಹೋಗಲಿಲ್ಲ. ಹಳ್ಳಿಯ ಚರ್ಚುಗಳ ರಿಜಿಸ್ಟರುಗಳು ಅಲ್ಲಲ್ಲಿ ಉಳಿದಿದ್ದವು. ತೆರಿಗೆಗಾಗಿ ಹೊಲಮನೆಗಳನ್ನು ಎಣಿಸಿದ ಪಟ್ಟಿಗಳಿದ್ದವು. ಮುಖ್ಯವಾಗಿ ಊರಲ್ಲೇ ಉಳಿದ ಬಂಧುಗಳ ನೆನಪಿತ್ತು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ 1963ರ ಜೂನ್ ತಿಂಗಳಲ್ಲಿ ವೆಕ್ಸ್‌ಫರ್ಡ್ ಜಿಲ್ಲೆಯ ಡಂಗನ್ಸ್‌ಟೌನಿಗೆ ಹೋದಾಗ, ಮುತ್ತಜ್ಜ ಬಿಟ್ಟುಹೋದ ಹೊಲದಲ್ಲಿ ಅವರ ಬಂಧುಗಳು ಇನ್ನೂ ಬೇಸಾಯ ಮಾಡುತ್ತಿದ್ದರು. ಬರಾಕ್ ಒಬಾಮರ ತಾಯಿಯ ಕಡೆಯ ಹಿರಿಯನೊಬ್ಬ, ಚಮ್ಮಾರನ ಮಗ, 1850ರಲ್ಲಿ ಮನಿಗಾಲ್ ಎಂಬ ಹಳ್ಳಿಯಿಂದ ಹೊರಟವನು. ಅದು ಪತ್ತೆಯಾದದ್ದು ಚರ್ಚಿನ ಹಳೆಯ ಪುಸ್ತಕದಿಂದ. 2011ರ ಮೇ ತಿಂಗಳಲ್ಲಿ ಒಬಾಮ ಆ ಹಳ್ಳಿಗೆ ಹೋಗಿಬಂದರು. ಸುಟ್ಟುಹೋದ ಭಂಡಾರದ ಕಾಗದಗಳ ನಕಲುಗಳು ಬೇರೆ ಬೇರೆ ಕಡೆ ಎಷ್ಟಿವೆಯೋ ಅಷ್ಟನ್ನು ಕೂಡಿಸಿ, 2022ರಲ್ಲಿ ಆ ದೇಶ ಕಂಪ್ಯೂಟರಿನಲ್ಲಿ ಎಲ್ಲರೂ ನೋಡುವಂತೆ ಮಾಡಿದೆ.

ಬಾಗಲಕೋಟೆಯ ಸೀಮೆಗೂ ಇಂಥ ಕ್ಷಾಮ ಬಂದಿತ್ತು. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ವಿಜಾಪುರ, ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ಆಗ ಅದರಲ್ಲೇ ಸೇರಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನ, 1881ರಲ್ಲಿ ಸುಮಾರು 6 ಲಕ್ಷ 40 ಸಾವಿರಕ್ಕೆ ಇಳಿದಿದ್ದರು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ. ಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬರಲೇ ಇಲ್ಲ. ಗುಳೇದಗುಡ್ಡ ಎಂಬ ಊರಿನ ಹೆಸರಿನಲ್ಲೇ ‘ಗುಳೆ’ ಇದೆಯೆಂದು ಜನ ಹೇಳುವುದುಂಟು. ಇಂದಿಗೂ ಈ ಭಾಗದ ಹಳ್ಳಿಗಳಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋಗುವವರು ನಿಂತಿಲ್ಲ. ಅಲ್ಲಿ ಹುಟ್ಟಿದ ಮಕ್ಕಳ ಮೊಮ್ಮಕ್ಕಳೂ ಒಂದು ದಿನ ಈ ಪ್ರಶ್ನೆಯನ್ನೇ ಕೇಳುತ್ತಾರೆ.

ಬಾದಾಮಿ: ಮನೆದೇವರ ದಾರಿ

ಹೆಳವ ಸಿಗದಿದ್ದರೆ, ಅಡ್ಡಹೆಸರು ಊರನ್ನು ಹೇಳದಿದ್ದರೆ, ಮೂರನೆಯ ದಾರಿ ಮನೆದೇವರದು. ಊರು ಬಿಟ್ಟವರು ಹೊಲ ಬಿಡುತ್ತಾರೆ, ಮನೆ ಬಿಡುತ್ತಾರೆ. ಮನೆದೇವರನ್ನು ಬಿಡುವುದು ಕಡಿಮೆ. ಮಗುವಿನ ಜವಳ ತೆಗೆಸಲು, ಮದುವೆಯ ಮೊದಲ ಅಕ್ಷತೆ ಇಡಲು ಎಷ್ಟು ದೂರವಾದರೂ ಅಲ್ಲಿಗೇ ಬರುತ್ತಾರೆ.

ಬಾದಾಮಿಯಿಂದ ಐದು ಕಿಲೋಮೀಟರು ದೂರದ ಚೊಳಚಗುಡ್ಡದ ಬನಶಂಕರಿಯ ಜಾತ್ರೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಪುಷ್ಯಮಾಸದ ಬನದ ಹುಣ್ಣಿಮೆಗೆ ತೇರು ಎಳೆಯುತ್ತಾರೆ. ಅದಾದ ಮೇಲೂ ನಾಟಕ ಕಂಪನಿಗಳ ಡೇರೆಗಳು, ಮಿಠಾಯಿ ಅಂಗಡಿಗಳು, ಬಾಗಿಲು-ಚೌಕಟ್ಟು ಮಾರುವವರು ವಾರಗಟ್ಟಲೆ ನಿಂತಿರುತ್ತಾರೆ. ನೇಕಾರರಾದ ದೇವಾಂಗದವರಿಗೆ ಬನಶಂಕರಿ ಕುಲದೇವತೆ. ಬೇರೆ ಹಲವು ಸಮಾಜಗಳಿಗೂ ಆಕೆ ಮನೆದೇವರು. ಹರಿದ್ರಾತೀರ್ಥದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕುಳಿತ ಸಂಸಾರಗಳನ್ನು ಮಾತಾಡಿಸಿದರೆ ಮಹಾರಾಷ್ಟ್ರದವರು ಸಿಗುತ್ತಾರೆ. ಅವರ ಮನೆಮಾತು ಬದಲಾಗಿರಬಹುದು, ಹೋಳಿಗೆಗೆ ಬೇರೆ ಹೆಸರು ಬಂದಿರಬಹುದು. ನಮಸ್ಕರಿಸುವ ದಿಕ್ಕು ಬದಲಾಗಿಲ್ಲ. ಮನೆದೇವರೊಂದೇ ಮೂಲದ ಊರಿಗೆ ಪೂರ್ಣ ಸಾಕ್ಷಿಯಲ್ಲವಾದರೂ ಎತ್ತ ಹುಡುಕಬೇಕೆಂಬುದನ್ನು ಅದು ತೋರಿಸುತ್ತದೆ.

ವಂಶದ ಬಗ್ಗೆ ಕೇಳಿದ್ದನ್ನೆಲ್ಲ ನಂಬಬಾರದು ಎಂಬ ಪಾಠವನ್ನೂ ಬಾದಾಮಿಯೇ ಕಲಿಸುತ್ತದೆ. ಇಲ್ಲಿ ಬಂಡೆಯ ಮೇಲೆ ಮೊದಲನೆಯ ಪುಲಕೇಶಿ ಕೋಟೆ ಕಟ್ಟಿದ್ದನ್ನು ಹೇಳುವ ಕ್ರಿ.ಶ. 543ರ ಶಾಸನವಿದೆ. ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ 578ರ ಶಾಸನವಿದೆ. ಈ ಹಳೆಯ ಶಾಸನಗಳಲ್ಲಿ ಚಾಲುಕ್ಯರು ತಮ್ಮನ್ನು ಮಾನವ್ಯ ಗೋತ್ರದವರು, ಹಾರೀತಿಪುತ್ರರು ಎಂದಷ್ಟೇ ಹೇಳಿಕೊಂಡರು. ನಾಲ್ಕೈದು ನೂರು ವರ್ಷ ಕಳೆದ ಮೇಲೆ, ಕಲ್ಯಾಣದ ಚಾಲುಕ್ಯರ 11ನೇ ಶತಮಾನದ ತಾಮ್ರಪಟಗಳಲ್ಲಿ ಕಥೆ ಬೆಳೆಯಿತು. ಈ ವಂಶದ 59 ಅರಸರು ಅಯೋಧ್ಯೆಯಲ್ಲಿ ಆಳಿ, ಆಮೇಲೆ ದಕ್ಷಿಣಕ್ಕೆ ಬಂದರೆಂದು ಅಲ್ಲಿ ಬರೆಸಲಾಯಿತು. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ದೊಡ್ಡವರಾದ ಮೇಲೆ ದೊಡ್ಡ ಮೂಲ ಬೇಕೆನಿಸುವುದು ಅರಸರಿಗೂ ತಪ್ಪಲಿಲ್ಲ. ಆದ್ದರಿಂದ ಹೆಳವನ ಮಾತನ್ನು ಶಾಸನದಂತೆ ಓದಬೇಕು: ಹತ್ತಿರದ ತಲೆಮಾರುಗಳನ್ನು ಹೆಚ್ಚು ನಂಬಬೇಕು, ಮೂಲಪುರುಷನ ಪವಾಡಗಳನ್ನು ಕಥೆಯಾಗಿ ಕೇಳಬೇಕು.

ಇನ್ನೊಂದು ಕೊರತೆಯನ್ನೂ ಇಲ್ಲಿ ಗಮನಿಸಬೇಕು. ಹೆಳವರ ವಂಶಾವಳಿಯಲ್ಲಿ ಹೆಚ್ಚಾಗಿ ಗಂಡಸರ ಹೆಸರೇ ಇರುತ್ತದೆ. ಬಾದಾಮಿಯ ಹತ್ತಿರದ ಮಹಾಕೂಟದ ಕಂಬದ ಶಾಸನದಲ್ಲಾದರೋ ಮೊದಲನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರು ಸ್ಪಷ್ಟವಾಗಿದೆ. 22 ಕಿಲೋಮೀಟರು ದೂರದ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಆಕೆಯ ತಂಗಿ ತ್ರೈಲೋಕ್ಯಮಹಾದೇವಿಯದು. ಕಲ್ಲಿನಲ್ಲಿ ಉಳಿದ ಅಜ್ಜಿಯರ ಹೆಸರು ಮನೆಯ ವಂಶವೃಕ್ಷದಲ್ಲಿ ಉಳಿಯಬಾರದೇಕೆ?

ಐಹೊಳೆಯಿಂದ ಹೊರಟವರು

ಪಟ್ಟದಕಲ್ಲಿನಿಂದ ಮಲಪ್ರಭೆಯ ಬದಿಯಲ್ಲೇ ಮುಂದೆ ಹೋದರೆ ಹುನಗುಂದ ತಾಲೂಕಿನ ಐಹೊಳೆ ಸಿಗುತ್ತದೆ. ಗುಡ್ಡದ ಮೇಲಿನ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಬರೆಸಿದ ಸಂಸ್ಕೃತ ಶಾಸನವಿದೆ. ಹರ್ಷವರ್ಧನನ ಸೋಲಿಗಾಗಿ ಅದು ಪಠ್ಯಪುಸ್ತಕಗಳಲ್ಲಿ ಹೆಸರಾಗಿದೆ. ಆದರೆ ಅದನ್ನು ಒಂದು ವಂಶವೃಕ್ಷವಾಗಿಯೂ ಓದಬಹುದು. ಜಯಸಿಂಹ, ಅವನ ಮಗ ರಣರಾಗ, ಅವನ ಮಗ ಪುಲಕೇಶಿ, ಅವನ ಮಗ ಕೀರ್ತಿವರ್ಮ, ಅವನ ಮಗ ಇಮ್ಮಡಿ ಪುಲಕೇಶಿ — ಐದು ತಲೆಮಾರು. ಸುಮಾರು 1,400 ವರ್ಷಗಳ ಹಿಂದೆ ರವಿಕೀರ್ತಿ ತನ್ನ ಅರಸನಿಗೆ ಬರೆದುಕೊಟ್ಟದ್ದನ್ನೇ ಇಂದಿನ ಮೇಷ್ಟರು ಮಕ್ಕಳಿಂದ ಬರೆಸುತ್ತಾರೆ.

ಐಹೊಳೆಯ ಹೆಸರನ್ನು ಅರಸರಿಗಿಂತ ದೂರ ಒಯ್ದವರು ವ್ಯಾಪಾರಿಗಳು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಇಲ್ಲಿಂದ ಬೆಳೆದು ತಮಿಳುನಾಡು, ಕೇರಳ, ಆಂಧ್ರ, ಶ್ರೀಲಂಕಾಗಳಲ್ಲಿ ವ್ಯವಹಾರ ನಡೆಸಿತು. ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಅಲ್ಲಿಗೆ ಹೋದವರೆಲ್ಲ ಐಹೊಳೆಯಲ್ಲೇ ಹುಟ್ಟಿದವರಾಗಿರಲಿಲ್ಲ. ಶಾಸನದ ಭಾಷೆಯೇ ಬೇರೆ. ಆದರೂ ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಬೆಳೆದ ಸಂಘದ ಹೆಸರು ಸಮುದ್ರ ದಾಟಿದ ವರ್ತಕರಿಗೂ ಗುರುತಾಗಿತ್ತು. ಇತ್ತ ಬಂಗಾಳದಲ್ಲಿ 11ನೇ ಶತಮಾನದ ಕೊನೆಯಿಂದ ಆಳಿದ ಸೇನ ಅರಸರೂ ತಮ್ಮ ತಾಮ್ರಪಟದಲ್ಲಿ ‘ಕರ್ಣಾಟ ಕ್ಷತ್ರಿಯ’ರೆಂದು ಹೇಳಿಕೊಂಡರು. ಬಂಗಾಳದಲ್ಲೇ ಹುಟ್ಟಿ ಬೆಳೆದ ಅರಸ ಹಿರಿಯರು ಬಿಟ್ಟ ನಾಡನ್ನು ಹೆಸರಿಸಿದ್ದಾನೆ ಎಂದರೆ ಊರಿನ ನೆನಪು ಎಷ್ಟು ಕಾಲ ಬಾಳುತ್ತದೆ ಎಂಬುದು ತಿಳಿಯುತ್ತದೆ.

ನೆನಪು ತಪ್ಪುವ ಬಗೆಯೂ ಐಹೊಳೆಯಲ್ಲಿ ಕಾಣುತ್ತದೆ. ಇಲ್ಲಿಯ ಹೆಸರಾಂತ ಒಂದು ಗುಡಿಗೆ ಲಾಡಖಾನನ ಗುಡಿ ಎನ್ನುತ್ತಾರೆ. ಅದು ಕಟ್ಟಿಸಿದವನ ಹೆಸರಲ್ಲ, ದೇವರ ಹೆಸರೂ ಅಲ್ಲ. ಎಷ್ಟೋ ಕಾಲದ ಮೇಲೆ ಅದರಲ್ಲಿ ವಾಸವಾಗಿದ್ದವನ ಹೆಸರು. ಬರೆದಿಡದಿದ್ದರೆ ಯಾವುದೋ ಒಂದು ಹೆಸರು ಉಳಿಯುತ್ತದೆ, ಬೇಕಾದದ್ದು ಉಳಿಯುವುದಿಲ್ಲ.

ನೀರು ಬಂದ ಮೇಲೆ

ಐಹೊಳೆಯನ್ನು ನೋಡಿ ಹುನಗುಂದದ ಕಡೆ ತಿರುಗಿದವರು ಕೂಡಲಸಂಗಮಕ್ಕೆ ಹೋಗದೆ ಬರುವುದಿಲ್ಲ. ಕೃಷ್ಣೆಯನ್ನು ಮಲಪ್ರಭೆ ಕೂಡುವ ಜಾಗದಲ್ಲಿ ಬಸವಣ್ಣನವರ ಐಕ್ಯಸ್ಥಳವಿದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಅದನ್ನು ಮುಳುಗಿಸದಂತೆ ಸುತ್ತಲೂ ಬಾವಿಯಂಥ ಗೋಡೆ ಕಟ್ಟಿದ್ದಾರೆ. ಮೇಲಿನಿಂದ ಮೆಟ್ಟಿಲಿಳಿದು ಹೋಗುವಾಗ ಗೋಡೆಯ ಆಚೆ ನೀರು ತಲೆಗಿಂತ ಎತ್ತರದಲ್ಲಿದೆ ಎಂಬುದು ಮಕ್ಕಳಿಗೆ ಅಚ್ಚರಿ ತರುತ್ತದೆ.

ಐಕ್ಯಸ್ಥಳಕ್ಕೆ ಗೋಡೆ ಬಂತು. ಎಲ್ಲ ಊರುಗಳಿಗೂ ಗೋಡೆ ಕಟ್ಟಲಾಗುವುದಿಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಮುಗಿಯುತ್ತ ಬಂದಂತೆ ಕೃಷ್ಣೆ, ಘಟಪ್ರಭೆಗಳ ಹಿನ್ನೀರು ಏರಿತು. ಆಲಮಟ್ಟಿ, ನಾರಾಯಣಪುರ ಎರಡೂ ಸೇರಿ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಬಾಧಿಸಿದವು. ಬಾಗಲಕೋಟೆಯ ಹಳೆಯ ಪಟ್ಟಣದ ತಗ್ಗಿನ ಭಾಗಗಳೂ ಮುಳುಗಿದವು. ಅದಕ್ಕಾಗಿ ಎತ್ತರದ ನೆಲದಲ್ಲಿ ನವನಗರ ಎದ್ದಿತು. ಅದರ ಯೋಜನೆಯಲ್ಲಿ ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. 1997ರ ಆಗಸ್ಟ್ 15ರಂದು ಬಾಗಲಕೋಟೆ ವಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಕಚೇರಿಗಳೂ ಅಲ್ಲಿಗೆ ಬಂದವು.

ಅಗಲವಾದ ರಸ್ತೆ, ಕಾಲೇಜು, ಆಸ್ಪತ್ರೆ ಎಲ್ಲ ಬಂದವು. ಹೊಲಗಳಿಗೆ ನೀರು ಬಂತು. ಆದರೆ ಒಂದು ಓಣಿಯಲ್ಲಿದ್ದ ಮನೆತನಗಳು ಬೇರೆ ಬೇರೆ ಸೆಕ್ಟರಿಗೆ ಹರಿದು ಹಂಚಿಹೋದವು. ಪುನರ್ವಸತಿ ಕೇಂದ್ರಗಳಿಗೆ ಹಳೆಯ ಊರಿನ ಹೆಸರನ್ನೇ ಇಟ್ಟಿದ್ದಾರೆ, ನಿಜ. ಆದರೆ ಎಲ್ಲರೂ ಅಲ್ಲಿಗೇ ಹೋಗಲಿಲ್ಲ. ಪರಿಹಾರದ ಹಣ ಹಿಡಿದು ದೂರದ ಪಟ್ಟಣ ಸೇರಿದವರಿದ್ದಾರೆ. ಇಂದಿನ ಮಕ್ಕಳಿಗೆ ಇವರೇ ಊರು ಬಿಟ್ಟು ಬಂದ ಮುತ್ತಜ್ಜಂದಿರು. ಮುತ್ತಜ್ಜ ಎಂದರೆ ಯಾವುದೋ ಕಾಲದವನು ಎಂದು ತಿಳಿಯಬೇಕಿಲ್ಲ. ನಾಳೆಯ ಮಕ್ಕಳು ಹುಡುಕುವ ಮೂಲಪುರುಷ ಇಂದು ಪಡಸಾಲೆಯಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಿರಬಹುದು.

ಐರ್ಲೆಂಡಿನವರಿಗೆ ಊರು ಉಳಿದಿತ್ತು, ಕಾಗದ ಸುಟ್ಟಿತ್ತು. ಇಲ್ಲಿ ಕಾಗದ ಅಲ್ಲಲ್ಲಿ ಉಳಿದಿದೆ, ಊರೇ ಮುಳುಗಿದೆ.

ಇಳಕಲ್ಲಿನ ಕೊಂಡಿ

ಹುನಗುಂದದಿಂದ ಸ್ವಲ್ಪವೇ ದೂರ ಇಳಕಲ್ಲ. ಈಗ ಅದು ತಾನೇ ತಾಲೂಕು ಕೇಂದ್ರ. ಗುಲಾಬಿ ಬಣ್ಣದ ಗ್ರಾನೈಟಿಗೂ ಸೀರೆಗೂ ಹೆಸರಾದ ಊರು. ಓಣಿಯಲ್ಲಿ ನಡೆದರೆ ಮಗ್ಗದ ಸಪ್ಪಳ ಕೇಳುತ್ತದೆ. ಇಳಕಲ್ಲ ಸೀರೆಯ ವಿಶೇಷ ಅದರ ಕೆಂಪು ಸೆರಗಿನಲ್ಲಿದೆ. ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ಮೈಯ ಹಾಸಿನ ಎಳೆಗಳ ಕುಣಿಕೆಯಲ್ಲಿ ಸೆರಗಿನ ಎಳೆಗಳ ಕುಣಿಕೆಯನ್ನು ಒಂದೊಂದಾಗಿ ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಅದು ತಪ್ಪಿದರೆ ಸೆರಗು ಮೈಗೆ ಕೂಡುವುದಿಲ್ಲ.

ಈ ಸೀಮೆಯ ಮದುವೆಗಳಲ್ಲಿ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಇಲ್ಲದೆ ಜವಳಿ ಮುಗಿಯುತ್ತಿರಲಿಲ್ಲ. ತವರು ಬಿಟ್ಟು ಗಂಡನ ಮನೆಗೆ ಹೋಗುವ ಹೆಣ್ಣುಮಗಳ ಪೆಟ್ಟಿಗೆಯಲ್ಲಿ ಅವು ದೂರದ ಊರುಗಳಿಗೂ ಹೋದವು. ಎಷ್ಟೋ ಮನೆಗಳಲ್ಲಿ ಅಜ್ಜಿಯ ಟ್ರಂಕಿನ ತಳದಲ್ಲಿರುವ ಹಳೆಯ ಸೀರೆಯೇ ಅವಳ ತವರಿನ ಮಾತಿಗೆ ಮೊದಲಾಗುತ್ತದೆ. ‘ಇದು ಯಾರು ಕೊಟ್ಟದ್ದವ್ವಾ?’ ಎಂದು ಕೇಳಿದರೆ ಸಾಕು, ಹೆಳವನ ಪಟ್ಟಿಯಲ್ಲಿ ಇಲ್ಲದ ಅರ್ಧ ವಂಶಾವಳಿ ಆಕೆಯ ಬಾಯಲ್ಲಿ ಬರುತ್ತದೆ.

ಅದನ್ನು ಬರೆದುಕೊಳ್ಳುವವರು ಬೇಕು. ಬರುವ ರಜೆಯಲ್ಲಿ ಮಕ್ಕಳು ಒಂದು 200 ಪುಟದ ನೋಟುಬುಕ್ಕು ಹಿಡಿದು ಕೂರಲಿ. ಅಜ್ಜ-ಅಜ್ಜಿಯರ ಪೂರ್ಣ ಹೆಸರು, ಅವರ ತಂದೆತಾಯಿಗಳ ಹೆಸರು, ತವರಿನ ಊರು, ಮನೆದೇವರು, ಬೆಡಗು, ಬಿಟ್ಟು ಬಂದ ಊರಿನ ಓಣಿಯ ಹೆಸರು, ಮಗ್ಗುಲ ಮನೆಯವರ ಹೆಸರು ಬರೆಯಲಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಲಿ. ಅಪ್ಪ-ಅಮ್ಮ ಹಳೆಯ ಉತಾರ, ಖರೀದಿಪತ್ರ, ಅಜ್ಜ ಕಲಿತ ಶಾಲೆಯ ದಾಖಲೆ ಹುಡುಕಿಕೊಡಲಿ. ಹಳೆಯ ಕಾಗದದಲ್ಲಿ ‘ಜಿಲ್ಲಾ ಕಲಾದಗಿ’ ಎಂದಿದ್ದರೆ ಗಾಬರಿಯಾಗಬೇಕಿಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋಗುವ ಮೊದಲು ಅದೇ ಹೆಸರಿತ್ತು. ಅಕ್ಷರ ಓದಲಾಗದಿದ್ದರೆ ಅದು ಮೋಡಿ ಲಿಪಿ ಇರಬಹುದು. ಬಲ್ಲವರು ಈಗಲೂ ಸಿಗುತ್ತಾರೆ. ಹೆಳವ ಬಂದರೆ ಒಂದು ಸೇರು ಜೋಳ ಕೊಟ್ಟು ಕಳಿಸಿಬಿಡದೆ, ಕೂರಿಸಿ ಚಹಾ ಕೊಟ್ಟು, ಅವನ ಒಪ್ಪಿಗೆ ಕೇಳಿ ಧ್ವನಿ ಹಿಡಿದಿಡಲಿ. ಅದು ಅವನ ವಿದ್ಯೆ. ತಕ್ಕ ಗೌರವಧನವನ್ನೂ ಕೊಡಬೇಕು.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಾಗಲಕೋಟೆಯ ಸುತ್ತ ಮುಳುಗಿದ ನೆಲ ಮತ್ತೆ ಮೇಲೆ ಬರುತ್ತದೆ. ಒಡೆದ ಗೋಡೆಯ ಬುಡ, ಒರಳುಕಲ್ಲು, ಬಾವಿಯ ಕಟ್ಟೆ ಕಾಣುತ್ತವೆ. ಆ ದಿನಗಳಲ್ಲಿ ಅಜ್ಜನನ್ನು ಒಂದು ಸಲ ಅಲ್ಲಿಗೆ ಕರೆದೊಯ್ಯಬೇಕು. ‘ಇಲ್ಲೇ ನೋಡಪಾ ನಮ್ಮ ಪಡಸಾಲಿ, ಇಲ್ಲೇ ಹೆಳವ ಎತ್ತು ಕಟ್ಟತಿದ್ದ’ ಎಂದು ಅವರು ಕೋಲು ಊರಿ ತೋರಿಸುತ್ತಾರೆ. ಮಳೆಗಾಲ ಬಂದು ನೀರು ಮತ್ತೆ ಏರುವುದರೊಳಗೆ ಅದನ್ನು ಬರೆದುಕೊಂಡರೆ, ವಂಶವೃಕ್ಷದ ಖಾಲಿ ಜಾಗ ತುಂಬುತ್ತದೆ.